ಚಿಪ್ಪನ್ನು ಕೇಳದೇ ಬಿಟ್ಟ ಮಾತು

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ದರ್ಜಿಯ ಹೆಂಡತಿಗೆ ಮುಂದಿದ್ದವರ ಮಾತು ಕಿವಿಗೆ ಬಿತ್ತು. ಔಷಧಿ ಪಂಪು ತಯಾರಿಸುವ ಕಂಪನಿಯವರು. ಕನ್ನಡಕದ ಹೆಂಗಸು, ನರೆಗೂದಲಿನ ಗಂಡಸು.

“ಹಳೇ ಡೋಸು ಅಳಿಸಿ ಹೊಸದು ಬರಿ ಅಂತ ಪಂಪಿನ ಮೆಮೊರಿ ಚಿಪ್ಪಿಗೆ ಹೇಳ್ತೀರ. ಆಮೇಲೆ?”

“ಕೆಲಸ ಮುಗೀತಾ ಅಂತ ಕೇಳ್ತೀವಿ, ಮೇಡಂ.”

“ಸರಿಯಾಗಿ ಆಯ್ತಾ ಅಂತ?”

“ಅದನ್ನ ಕೇಳಲ್ಲ. ಬರೆಯೋದು ಕೆಟ್ಟರೆ ಚಿಪ್ಪು ಬೇರೆ ಗುರುತು ತೋರಿಸುತ್ತೆ. ಪ್ರೋಗ್ರಾಂ ಅದನ್ನ ನೋಡೋದೇ ಇಲ್ಲ. ಬರೆದೋನು ನಾನೇ.”

“ಆದ್ರೂ ಪರದೇಲಿ ಹೊಸ ಡೋಸೇ ಕಾಣುತ್ತಾ?”

“ಕಾಣುತ್ತೆ. ಪಂಪು ಆರಿಸಿ ಹಚ್ಚಿದ್ರೆ ಹಳೇದು ಓಡುತ್ತೆ.”

“ಈಗಷ್ಟೇ ನಮ್ಮ ನಾಲ್ಕೂ ಪಂಪನ್ನ ಆರಿಸಿ ಹಚ್ಚಿದಾರಂತೆ, ಎರಡನೇ ಮಹಡೀಲಿ.”

“ಅಯ್ಯೋ, ಹಾಗಾದ್ರೆ ಹಳೇ ಡೋಸೇ ಓಡ್ತಿರಬಹುದು.”

ದರ್ಜಿ ಮಲಗಿದ್ದದ್ದು ಎರಡನೇ ಮಹಡಿಯಲ್ಲೇ. ಬೆಳಿಗ್ಗೆ ಡಾಕ್ಟರು ಅವನ ಔಷಧಿಯನ್ನು ಅರ್ಧಕ್ಕಿಳಿಸಿದ್ದರು.

“ಲಿಫ್ಟು ಬೇಡ, ಮೆಟ್ಟಿಲು ಹತ್ತಿ. ನರ್ಸಿಗೆ ಫೋನ್ ಹಚ್ಚಿ, ಎಲ್ಲಾ ಪಂಪು ನಿಲ್ಲಿಸಲಿ!” ಎಂದಳು ಕನ್ನಡಕದವಳು.

ಇಬ್ಬರೂ ಓಡಿದರು. ಅವಳೂ ಬೆನ್ನಿಗೇ ಓಡಿದಳು.

“ಮೂರು ಸರಿ ಇದೆಯಂತೆ, ಮೇಡಂ,” ಎಂದ ಗಂಡಸು, ಫೋನ್ ಕಿವಿಗಿಟ್ಟು ಮೆಟ್ಟಿಲು ಹತ್ತುತ್ತಲೇ.

“ನಾಲ್ಕನೇದು?”

“ಯಾರೋ ದರ್ಜಿದಂತೆ. ಹಳೇ ಡೋಸೇ ಓಡ್ತಿತ್ತಂತೆ. ನರ್ಸು ಕಿತ್ತು ಹಾಕಿದಾರೆ.”

“ಆತ?”

“ಎಚ್ಚರ ಇದಾನೆ. ಹೆಂಡ್ತಿ ಎಲ್ಲಿ ಅಂತ ಕೇಳ್ತಿದಾನಂತೆ.”

ದರ್ಜಿಯ ಹೆಂಡತಿ ಮೆಟ್ಟಿಲ ಮೇಲೆ ಕೂತಳು. ಅವರ ಹೆಜ್ಜೆ ಸಪ್ಪಳ ಮೇಲಕ್ಕೆ ಹೋಯಿತು.