ನಾಲ್ಕು ಟ್ಯೂಬಿನ ಪೆಟ್ಟಿಗೆ

ಇದನ್ನು ನನಗೆ ಮೊದಲು ಹೇಳಿದವನು ನನ್ನ ಭಾವಮೈದುನ. ಬಡಗಿ ಕೆಲಸದವನು. ಇಲ್ಲದ್ದನ್ನು ಇದೆ ಎನ್ನುವ ಆಸಾಮಿಯಲ್ಲ. ನಡೆದದ್ದು ಅವನ ಪಕ್ಕದ ಮನೆಯಲ್ಲಿ.

ಆ ಮನೆಯ ಯಜಮಾನ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದ. ಅವತ್ತು ಊರೆಲ್ಲ ಮಲಗಿದ ಮೇಲೆ ಗಂಡ ಹೆಂಡತಿ ರಿಪೇರಿ ಅಂಗಡಿಯಿಂದ ಒಂದು ಆಂಪ್ಲಿಫೈಯರು ಹೊತ್ತು ಬರುತ್ತಿದ್ದರು. ಕಬ್ಬಿಣದ ಪೆಟ್ಟಿಗೆ. ಒಂದು ಹಿಡಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಹಾಳು ಬಾವಿಯ ಹತ್ತಿರ ಬರುವಷ್ಟರಲ್ಲಿ ಅವಳ ಬೆರಳು ಸೋತವು. ಕಟ್ಟೆಯ ಮೇಲೆ ಇಳಿಸಿದರು.

"ಮದುವೆ ದಿನ ನನ್ನನ್ನೂ ಇಷ್ಟು ಜೋಪಾನ ಮಾಡಿರ್ಲಿಲ್ಲ ನೀವು," ಎಂದು ಪಿಸುಗುಟ್ಟಿದಳು.

"ನೀನು ಇಷ್ಟು ಭಾರ ಇರ್ಲಿಲ್ಲ."

"ಆ ಹೊಸದನ್ನೇ ತರಬಹುದಿತ್ತಲ್ರೀ. ಹಗುರಾಗಿತ್ತು."

"ದನಿಯೂ ಹಗುರವೇ. ನೀನೇ ಕೇಳಿದ್ಯಲ್ಲ."

ಕೇಳಿದ್ದಳು. ಗಿಟಾರಿನ ದನಿಯನ್ನು ಹದ ಮಾಡುವ ಯಂತ್ರಗಳೆಲ್ಲ ಗಂಡನ ರ‍್ಯಾಕಿನಲ್ಲಿದ್ದವು. ಆ ದನಿಯನ್ನು ಸಭೆಗೆ ಕೇಳುವಷ್ಟು ದೊಡ್ಡದು ಮಾಡುವ ಪವರ್ ಆಂಪ್ಲಿಫೈಯರು ಮಾತ್ರ ಹೋದ ಸಲ ಕಾರ್ಯಕ್ರಮದ ನಡುವೆಯೇ ಸುಟ್ಟು ಕೂತಿತ್ತು. ನಾಳೆಯೂ ಹಾಗಾದರೆ ಬೇರೆಯವನನ್ನು ಕರೆಸುತ್ತೇವೆ ಎಂದು ತಂಡದವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು.

ಅಂಗಡಿಯಲ್ಲಿ ಎರಡಿದ್ದವು. ಹೊಸದಕ್ಕೆ ದನಿ ಹಿಗ್ಗಿಸುವ ಗಾಜಿನ ಟ್ಯೂಬು ಎರಡು. ಸ್ವಚ್ಛ ದನಿ, ಆದರೆ ಜೋರು ಮಾಡಿದರೆ ಬೇಗ ಬಸವಳಿಯುತ್ತಿತ್ತು. ಹಳೆಯದಕ್ಕೆ ನಾಲ್ಕು. ಅದರಲ್ಲಿ ಒಂದು ತಂತಿ ಮೀಟಿದರೆ ಸಾಕು... ಎದೆಗೂಡಿನ ಒಳಗಿಂದ ಯಾರೋ ಓಗೊಟ್ಟ ಹಾಗೆ.

"ಅದು ಕೊಡೋದಕ್ಕೆ ಇಟ್ಟದ್ದಲ್ಲಪ್ಪಾ," ಅಂದಿದ್ದ ರಿಪೇರಿಯವನು.

"ಒಂದು ದಿನ ಸಾಕು. ನಾಳೆ ಕಾರ್ಯಕ್ರಮ ಮುಗಿದ ಕೂಡಲೇ ತಂದಿಡ್ತೀನಿ."

ಕೊನೆಗೆ ರಿಪೇರಿಯವನು ಒಳಗಿಂದ ತಂತಿ ಕಟ್ಟಿದ ಒಂದು ಬಲ್ಬು ತಂದುಕೊಟ್ಟ. "ಪ್ಲಗ್ ಕಿತ್ತ ಮಾತ್ರಕ್ಕೆ ಇದು ಸತ್ತಿತು ಅಂದ್ಕೋಬೇಡ. ಕರೆಂಟು ಒಳಗೇ ಅವಿತು ಕೂತಿರುತ್ತೆ. ತಳ ಬಿಚ್ಚೋದಾದ್ರೆ ಈ ಬಲ್ಬು ಸಿಕ್ಕಿಸು. ಅದು ಉರಿದು ಆರಿದ ಮೇಲೆ ಕೈ ಹಾಕು. ಬಗ್ಗಿದವನಿಗೆ ಬಲ್ಬು ಕಾಣಲ್ಲ. ಇನ್ನೊಬ್ಬರು ನೋಡಿ 'ಆರಿತು' ಅನ್ನಬೇಕು."

"ಇದರ ಒಡೆಯ ಎಲ್ಲಿ?"

"ಅವನಿಗೆ ಬಲ್ಬು ಹಿಡಿದವಳು ಹೆಂಡತಿ. ನೋಡದೇ 'ಆರಿತು' ಅಂದುಬಿಟ್ಟಳು." ಪೆಟ್ಟಿಗೆಯ ಧೂಳು ಒರೆಸುತ್ತ ಹೇಳಿದ್ದ: "ಆಮೇಲೆ ಅವಳೂ ಉಳೀಲಿಲ್ಲ."

ಆ ಮಾತು ಈಗ ಬಾವಿಕಟ್ಟೆಯ ಮೇಲೆ ಅವಳಿಗೆ ನೆನಪಾಯಿತು. ಅಷ್ಟರಲ್ಲಿ... ಹ್ಮ್‌ಮ್‌ಮ್... ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ, ಸಣ್ಣಗೆ.

"ನೀವಾ?"

"ನಾನಲ್ಲ."

ಪೆಟ್ಟಿಗೆಯ ಪ್ಲಗ್ಗು ಅವಳ ಹೆಗಲ ಮೇಲೆ ಜೋತಾಡುತ್ತಿತ್ತು.

"ದೇವರೇ... ಇಲ್ಲೇ ಬಿಟ್ಟು ಹೋಗೋಣ, ಬನ್ನಿ."

"ಇದನ್ನ ಬಿಟ್ಟರೆ ನಾಳೆ ಅವರು ನನ್ನನ್ನ ಬಿಡ್ತಾರೆ. ಎತ್ತು."

ಎತ್ತಿದಳು. ಸದ್ದು ನಿಂತಿತು.

ಮನೆಗೆ ತಂದು ಸ್ಪೀಕರಿಗೆ ಜೋಡಿಸಿ ಹಚ್ಚಿ ನೋಡಿದರೆ ಮೂರು ಟ್ಯೂಬು ಕೆಂಪಾದವು. ನಾಲ್ಕನೆಯದು ಕಪ್ಪಗೇ ಇತ್ತು. ಹಾದಿಯ ಕುಲುಕಾಟಕ್ಕೆ ಒಳಗೆ ತಂತಿ ಸಡಿಲಾಗಿರಬೇಕು ಎಂದು ಅವನು ಪ್ಲಗ್ಗು ಕಿತ್ತು, ಪೆಟ್ಟಿಗೆ ಮಗುಚಿ, ತಳದ ಸ್ಕ್ರೂ ಬಿಚ್ಚತೊಡಗಿದ.

"ಬಲ್ಬು ಹಿಡ್ಕೋ."

"ನಾನು ಹಿಡಿಯೋಳಲ್ಲ. ಪಕ್ಕದ ಮನೆ ಅಣ್ಣನ್ನ ಎಬ್ಬಿಸ್ಕೊಂಡು ಬರ್ತೀನಿ. ಅಲ್ಲಿವರೆಗೆ ಮುಟ್ಟಬೇಡಿ, ನನ್ನಾಣೆ."

"ಹೂಂ," ಅಂದ, ತಲೆ ಎತ್ತದೆ.

ನನ್ನ ಭಾವಮೈದುನ ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದ. "ಈ ಹೊತ್ತಲ್ಲಿ ಎಂಥ ಸಂಗೀತವಮ್ಮಾ ನಿಮ್ಮದು," ಎಂದು ಗೊಣಗಿದ. ಇಬ್ಬರೂ ಮೆಟ್ಟಿಲ ಬಳಿ ಬಂದರು. ಬಾಗಿಲು ಓರೆಯಾಗಿತ್ತು. ಒಳಗಿಂದ ಗಂಡನ ದನಿ ಕೇಳಿಸಿತು.

"ಆರಿತಾ?"

ತಾನು ವಾಪಸು ಬಂದೆ ಅಂದುಕೊಂಡರೇ? ಬೇಡ ಎನ್ನಲು ಅವಳು ಬಾಯಿ ತೆರೆದಳು. ಮಾತು ಹೊರಡುವ ಮೊದಲೇ...

ಒಳಗೆ, ಮೆಲ್ಲಗೆ, ಹೆಣ್ಣು ದನಿಯೊಂದು ಅಂದಿತು:

"ಆರಿತು."

ಚಟ್.

ಒಂದೇ ಸಲ. ಒಣ ಕಡ್ಡಿ ಮುರಿದ ಹಾಗೆ.

ಓಡಿ ಒಳಗೆ ಹೋದರು. ಅವನು ಪೆಟ್ಟಿಗೆಯ ಮೇಲೆ ಬೋರಲಾಗಿ ಬಿದ್ದಿದ್ದ. ಪ್ಲಗ್ಗು ನೆಲದ ಮೇಲೆ. ಅವನ ಬೆನ್ನ ಹಿಂದೆ ಬಲ್ಬು ಧಗಧಗ ಉರಿಯುತ್ತಿತ್ತು. ಇವರು ನೋಡುತ್ತಿದ್ದ ಹಾಗೆಯೇ ಕೆಂಪಾಗಿ... ಮಂಕಾಗಿ... ಆರಿತು. ಅವಳು ಅಲ್ಲೇ ಕುಸಿದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಜೀವ ಹೋಗಿತ್ತು.

ಹೊಸ್ತಿಲ ಪಕ್ಕದಲ್ಲಿ ಒಂದು ಜೊತೆ ಹೆಂಗಸಿನ ಚಪ್ಪಲಿ ಇತ್ತಂತೆ. ಸವೆದದ್ದು, ಎಡಗಾಲಿನದಕ್ಕೆ ತೇಪೆ. ಇವಳದ್ದು ಇವಳ ಕಾಲಲ್ಲೇ ಇತ್ತು. ಹೆಣ ನೋಡಲು ಬಂದವರಲ್ಲಿ ಯಾರೂ ಅದು ನಮ್ಮದು ಅನ್ನಲಿಲ್ಲ, ಆಮೇಲೂ ಯಾರೂ ಕೇಳಿಕೊಂಡು ಬರಲಿಲ್ಲ. ಎಸೆಯಲು ಧೈರ್ಯ ಸಾಲದೆ ಭಾವಮೈದುನ ಅದನ್ನು ಇವತ್ತಿಗೂ ತನ್ನ ಕೆಲಸದ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದಾನೆ. ನಾನು ಕಣ್ಣಾರೆ ಕಂಡಿದ್ದೇನೆ. ದೇವರ ಮುಂದೆ ನಿಂತು ಕೇಳಿದರೂ ಇದನ್ನೇ ಹೇಳುತ್ತೇನೆ.

ಹಳೆಯ ಯಂತ್ರ ಬಿಚ್ಚುವವರು ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಅವರ ಕಿವಿಗೂ ಇದನ್ನು ಹಾಕಿ.