ಕೆಳಕ್ಕೆ ಹೋಗದ ಪುಟ

ಲೈಟು ಆರಿಸೋದು ಬೇಡ, ಉರಿಯಲಿ. ನಡುವೆ ಮಾತ್ರ ಯಾರೂ ಎದ್ದು ಹೋಗಬೇಡಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ನಮ್ಮ ಅತ್ತಿಗೆಯ ಸ್ವಂತ ತಮ್ಮ ನಿರಂಜನನಿಗೆ, ಹೋದ ಕಾರ್ತಿಕದಲ್ಲಿ, ಇದೇ ಮೈಸೂರಿನಲ್ಲಿ ಆಗಿದ್ದು.

ನಿರಂಜನ ಇಲ್ಲೇ ಹೆಬ್ಬಾಳದ ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟುಗಳಿಗೆ ಪುಟ ಕಟ್ಟುತ್ತಾನೆ. ಯಾವ ಅಕ್ಷರ ಎಲ್ಲಿ ಕೂರಬೇಕು, ಯಾವ ಬಟನ್ನು ಎಷ್ಟು ಅಗಲ ಇರಬೇಕು, ಬೆರಳಲ್ಲಿ ಎಳೆದರೆ ಪುಟ ಹೇಗೆ ಸರಿಯಬೇಕು... ಇದನ್ನೆಲ್ಲ ಸಿಎಸ್‌ಎಸ್ ಅನ್ನೋದರಲ್ಲಿ ಬರೆಯೋದು ಅವನ ಕೆಲಸ. ಜಾಣ ಹುಡುಗ. ಸ್ವಲ್ಪ ಮೈಗಳ್ಳ ಅಂತಲೂ ಹೇಳಬೇಕು, ಹೇಳದೆ ಹೋದರೆ ಕತೆ ನಿಲ್ಲಲ್ಲ.

ಇರೋದು ಬೋಗಾದಿಯಲ್ಲಿ, ಬಾಡಿಗೆ ರೂಮು. ಆ ರಾತ್ರಿ ಬಸ್ಸಿಳಿದಾಗ ಹತ್ತೂವರೆ. ಮೇನ್ ರೋಡಲ್ಲಿ ಸುತ್ತಿ ಹೋಗುವ ಬದಲು ಹಳೇ ಊರೊಳಗಿಂದ ಹಾದರೆ ಐದು ನಿಮಿಷ ಉಳಿಯುತ್ತೆ. ಅಲ್ಲೊಂದು ಸೇದೋ ಬಾವಿ ಇದೆ. ಸುತ್ತ ಲೇಔಟ್ ಎದ್ದ ಮೇಲೆ ಯಾರೂ ನೀರು ಸೇದಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ರಾಟೆ ಮಾತ್ರ ಹಾಗೇ ಇದೆ, ಹಗ್ಗವಿಲ್ಲದೆ.

ಬಾವಿ ಹತ್ತಿರ ಬರುವಾಗ ಸದ್ದು ಕೇಳಿಸಿತು.

ಸೊರ್ಕ್... ಸೊರ್ಕ್...

ಇಲಿಯಲ್ಲ. ತರಗೆಲೆಯಲ್ಲ. ಒಣ ಬೆರಳನ್ನು ಗಾಜಿನ ಮೇಲೆ ಒತ್ತಿ ಎಳೆದರೆ ಬರುತ್ತಲ್ಲ, ಅದು. ಸ್ವಲ್ಪ ಹೊತ್ತು ಸುಮ್ಮನೆ... ಮತ್ತೆ ಸೊರ್ಕ್.

ಕಟ್ಟೆ ಮೇಲೆ ಒಬ್ಬ ಮುದುಕರು ಕೂತಿದ್ದರು. ತಲೆಗೆ ಟವೆಲ್ಲು. ಕೈಯಲ್ಲಿದ್ದ ಫೋನಿನ ಬೆಳಕು ಗದ್ದಕ್ಕೆ ಬಿದ್ದಿತ್ತು. ಪಾದ ಎಷ್ಟು ಊದಿದ್ದವು ಅಂದರೆ, ಚಪ್ಪಲಿ ಹಿಡಿಸದೆ ಬರಿಗಾಲಲ್ಲಿದ್ದರು.

"ಅಪ್ಪೋ," ಅಂದರು ಪಿಸುದನಿಯಲ್ಲಿ. "ಇದು ಕೆಳಕ್ಕೇ ಹೋಗಕಿಲ್ಲ ಅಂತದೆ. ಒಸಿ ನೋಡ್ತೀಯಾ? ಹನ್ನೊಂದಕ್ಕೆ ಮುಚ್ಚೋಯ್ತದೆ."

"ಕೊಡಿ ತಾತ."

ಫೋನು ತಣ್ಣಗಿತ್ತು. ನೋಡಿದರೆ... ಅವನೇ ಕಟ್ಟಿದ ಪುಟ.

ಊರಿನ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರಕ್ಕೆ ಮಾಡಿಕೊಟ್ಟಿದ್ದು. ಅಲ್ಲಿನ ನಿಯಮ ಹೀಗೆ. ನಾಳೆ ಸರದಿ ಇರುವವರು ಹಿಂದಿನ ರಾತ್ರಿ ಎಂಟರಿಂದ ಹನ್ನೊಂದರೊಳಗೆ ಪುಟ ತೆರೆದು, ಕೊನೆವರೆಗೂ ಇಳಿದು, 'ಖಚಿತಪಡಿಸಿ' ಅನ್ನುವ ಬಟನ್ನು ಒತ್ತಬೇಕು. ಒತ್ತದಿದ್ದರೆ ಆ ಬೆಡ್ಡು ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತೆ.

ನಿರಂಜನ ಬೆರಳಲ್ಲಿ ಎಳೆದ. ಪುಟ ಒಂದಂಗುಲ ಮೇಲೆ ಬಂತು. ಬಟನ್ನಿನ ಹಸಿರು ಅಂಚು ನೂಲಿನಷ್ಟು ಕಂಡಿತು. ಬೆರಳು ಬಿಟ್ಟ... ಜಾರಿ ವಾಪಸ್ಸು ಹೋಯಿತು.

ಅವನಿಗೆ ಅಲ್ಲೇ ಗೊತ್ತಾಯಿತು. ಪುಟ ಪರದೆಯಷ್ಟೇ ಎತ್ತರ ಇರಲಿ ಅಂತ ಒಂದು ಸಾಲು ಬರೆದಿದ್ದ, ಹೊರಗಿನ ಸ್ಕ್ರೋಲ್ ಬೇಡ ಅಂತ ಇನ್ನೊಂದು ಸಾಲು. ಕಂಪ್ಯೂಟರಿನ ಕ್ರೋಮಿನಲ್ಲಿ ಪುಟ ಅಚ್ಚುಕಟ್ಟಾಗಿ ಕೂತಿತ್ತು. ಆದರೆ ಇಂಥ ಹಳೇ ಐಫೋನಿನ ಸಫಾರಿ ಬ್ರೌಸರಿನಲ್ಲಿ ಕೆಳಗೊಂದು ಪಟ್ಟಿ ಇರುತ್ತೆ, ಎತ್ತರ ಅಳೆಯುವಾಗ ಅದು ಲೆಕ್ಕಕ್ಕೆ ಬರಲ್ಲ. ಬಟನ್ನು ಹೋಗಿ ಆ ಪಟ್ಟಿಯ ಹಿಂದೆ ಅಡಗಿ ಕೂರುತ್ತೆ. ಸ್ಕ್ರೋಲು ಮುಚ್ಚಿರೋದರಿಂದ ಎಷ್ಟು ಎಳೆದರೂ ಈಚೆ ಬರಲ್ಲ. ಪುಟ ಕಟ್ಟುವವರಿಗೆಲ್ಲ ಗೊತ್ತಿರುವ ವಿಷಯ ಇದು. ನಿಜವಾದ ಫೋನಿನಲ್ಲಿ ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು.

ಫೋನುಗಳಿಗೇನು ಬರ ಇರಲಿಲ್ಲ. ಪರೀಕ್ಷೆ ಮಾಡೋಕೆ ಅಂತಲೇ ಆಫೀಸಿನಲ್ಲಿ ಒಂದು ಡ್ರಾಯರ್ ತುಂಬ ಹಳೇ ಫೋನುಗಳಿದ್ದವು. ಟೆಸ್ಟಿಂಗ್ ನೋಡಿಕೊಳ್ಳುವ ತೇಜಸ್ವಿನಿ ಪ್ರತಿ ಸೋಮವಾರ ಅವಕ್ಕೆಲ್ಲ ಚಾರ್ಜು ಹಾಕುತ್ತಿದ್ದಳು. ಮೂರು ವಾರದ ಹಿಂದೆ, ಯಾರೋ ಹಿರಿಯರಿಗೆ ಪುಟ ಕೆಳಗೆ ಹೋಗುತ್ತಿಲ್ಲ ಅಂತ ಕೇಂದ್ರದಿಂದ ದೂರು ಬಂದಾಗ ಅವಳು ರಜೆಯಲ್ಲಿದ್ದಳು. ಡ್ರಾಯರಿನ ಕೀ ಕೆಳಗೆ ಸೆಕ್ಯೂರಿಟಿ ಹತ್ತಿರ. ಮೂರು ಮಹಡಿ ಇಳಿಯಬೇಕು... ಇವನು ಇಳಿಯಲಿಲ್ಲ. ಕ್ರೋಮಿನ ಕಿಟಕಿಯನ್ನೇ ಫೋನಿನಷ್ಟು ಕಿರಿದು ಮಾಡಿ, ಬಟನ್ನು ಒತ್ತಿ ನೋಡಿ, ಟೆಸ್ಟಿಂಗ್ ಶೀಟಿನಲ್ಲಿ ನಾಲ್ಕೂ ಬ್ರೌಸರುಗಳ ಮುಂದೆ ಟಿಕ್ ಹಾಕಿದ. ದೂರಿನ ಕೆಳಗೆ ಬರೆದ: 'ಪರೀಕ್ಷಿಸಲಾಗಿದೆ. ದೋಷವಿಲ್ಲ. ಬಳಸುವ ವಿಧಾನವನ್ನು ಹಿರಿಯರಿಗೆ ತಿಳಿಸಿಕೊಡಿ.'

"ನಂದಾ ತಪ್ಪು, ಇದರದ್ದಾ?" ಮುದುಕರು ಕೇಳಿದರು. "ಈ ಬಾವೀಲಿ ಎಂಟು ಮಾರು ಹಗ್ಗ ಎಳೆದ ಕೈ ಕಣಪ್ಪ ಇದು. ಇಷ್ಟುದ್ದ ಗಾಜಿನ ಮೇಲೆ ಎಳೆಯಕ್ಕೆ ಬರಕಿಲ್ವಾ ನಂಗೆ?"

ಹೇಳಬಹುದಿತ್ತು. ಅಲ್ಲಿದ್ದವರು ಇಬ್ಬರೇ, ಕೇಳಿಸಿಕೊಳ್ಳೋಕೆ ಮೂರನೆಯವರಿರಲಿಲ್ಲ. ಆದರೂ ನಾಲಿಗೆ ಬೇರೆಯದನ್ನೇ ಹೇಳಿತು.

"ಪುಟ ಸರಿ ಇದೆ ತಾತ. ನೀವು ಎಳೆಯೋದು ಸರಿ ಇಲ್ಲ. ನಿಧಾನಕ್ಕೆ ಎಳೀರಿ."

"ಅಂಗಾರೆ ನಂಗೇ ಬರಕಿಲ್ಲ ಅನ್ನು." ದನಿಯಲ್ಲಿ ಸಿಟ್ಟಿರಲಿಲ್ಲ.

ಫೋನು ವಾಪಸ್ಸು ಕೊಟ್ಟು ನಿರಂಜನ ಬಿರಬಿರನೆ ನಡೆದ. ಹಿಂದೆ ಮತ್ತೆ ಶುರುವಾಯಿತು. ಸೊರ್ಕ್... ಸೊರ್ಕ್... ಈ ಸಲ ನಿಧಾನಕ್ಕೆ. ಅವನು ಹೇಳಿಕೊಟ್ಟ ಹಾಗೆ.

ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಹೆದರಿಕೆಯಿಂದಲ್ಲ, ಆಗಿನ್ನೂ ಹೆದರೋಕೆ ಕಾರಣ ಇರಲಿಲ್ಲ. ನಾಚಿಕೆ. ಆ ವಯಸ್ಸಿನವರ ಮುಖ ನೋಡಿಕೊಂಡು ಸುಳ್ಳು ಹೇಳಿಬಂದೆನಲ್ಲ ಅಂತ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಸೆಕ್ಯೂರಿಟಿ ಹತ್ತಿರ ಕೀ ಇಸಿದುಕೊಂಡು ಡ್ರಾಯರ್ ತೆಗೆದ. ಏಳು ಫೋನು. ಹಳೇ ಐಫೋನಿನಲ್ಲಿ ಪುಟ ತೆರೆದು ಎಳೆದ. ಒಂದಂಗುಲ ಬಂತು, ಜಾರಿಹೋಯಿತು. ಎರಡು ಸಾಲು ತಿದ್ದಿದ. ಮತ್ತೆ ಎಳೆದ. ಪುಟ ಸರಾಗವಾಗಿ ಕೊನೆವರೆಗೂ ಇಳಿಯಿತು, ಬಟನ್ನು ಇಡಿಯಾಗಿ ಕಂಡಿತು. ತಿದ್ದಿದ್ದನ್ನು ಆಗಲೇ ಕೇಂದ್ರದ ಸೈಟಿಗೆ ಏರಿಸಿದ. ತಂದಿಟ್ಟ ಟೀ ಇನ್ನೂ ಆರಿರಲಿಲ್ಲ. ಇಷ್ಟೇ ಕೆಲಸವಾಗಿತ್ತು ಅನ್ನೋದೇ ಅವನಿಗೆ ಇನ್ನೂ ಹೆಚ್ಚು ನಾಚಿಕೆ ತಂದಿತು.

ತೇಜಸ್ವಿನಿ ಬಂದವಳು ಹಿಂದೆ ನಿಂತು ನೋಡಿದಳು. "ಇದು ಹೋದ ತಿಂಗಳೇ ಟಿಕ್ ಆಗಿತ್ತಲ್ಲ ಕಣೋ?"

"ಕೀ ತಗೊಂಡೇ ಇರಲಿಲ್ಲ ನಾನು."

ಅವಳು ಡ್ರಾಯರಿನ ಫೋನುಗಳಿಗೆ ಒಂದೊಂದಾಗಿ ಚಾರ್ಜು ಹಾಕಿ, ತನ್ನ ಜಾಗಕ್ಕೆ ಹೋಗಿ ಕೂತಳು. ಬೈದಿದ್ದರೆ ವಾಸಿ ಅನ್ನಿಸಿತು ಅವನಿಗೆ.

ಆಮೇಲೆ ಕೇಂದ್ರದ ನರ್ಸು ಶಾರದ ಅವರಿಗೆ ಫೋನು ಮಾಡಿದ. "ಸಿಸ್ಟರ್, ಆ ದೂರು ಹೇಳಿದ್ದ ಹಿರಿಯರು ಯಾರು? ಬೋಗಾದಿಯವರಾ?"

"ಹೂಂ, ನಂಜಯ್ಯ ಅಂತ. ಹಳೇ ಊರಲ್ಲಿ ಬಾವಿ ಹಿಂದಿನ ಮನೆ. ತೀರಿಕೊಂಡ್ರು ಕಣ್ರೀ. ಹನ್ನೆರಡು ದಿನ ಆಯ್ತು."

ನಿರಂಜನ ಕುರ್ಚಿಯಲ್ಲಿ ಕೂತೇ ಇದ್ದ. ಹನ್ನೆರಡು ದಿನವನ್ನು ಬೆರಳಲ್ಲಿ ಹಿಂದಕ್ಕೆ ಎಣಿಸಿದ.

ಸಂಜೆ ಆ ಮನೆ ಹುಡುಕಿಕೊಂಡು ಹೋದ. ಬಾವಿ ಕಟ್ಟೆ ದಾಟಿಯೇ ಹೋಗಬೇಕು. ಹಗಲೆಲ್ಲ ಬಿಸಿಲು ಕಾದಿತ್ತು, ಆದರೂ ಕಟ್ಟೆಯ ಕೆಳಗೆ, ಎರಡು ಪಾದ ಊರುವಷ್ಟು ಜಾಗ ಒದ್ದೆಯಾಗಿತ್ತು.

ಮನೆಯಲ್ಲಿ ನಂಜಯ್ಯನವರ ಹೆಂಡತಿ ಬೋರಮ್ಮ ಒಬ್ಬರೇ ಇದ್ದರು. ಗೋಡೆ ಮೇಲೆ ಫೋಟೋ, ಹೂವಿನ ಹಾರ. ಅದೇ ಮುಖ, ಅದೇ ಟವೆಲ್ಲು. ಫೋಟೋದ ಕೆಳಗೆ ಅದೇ ಫೋನು.

"ನಮ್ಮ ಸೊಸೆ ಮಾಲಾ ಯಾದವಗಿರೀಲಿ ಒಬ್ಬ ಅಜ್ಜೀನ ನೋಡ್ಕೊಳಕ್ಕೆ ರಾತ್ರಿ ಪಾಳಿ ಹೋಗ್ತಾಳೆ," ಅಂದರು ಬೋರಮ್ಮ. "ಆ ಮನೆಯೋರು ಕೊಟ್ಟ ಫೋನಿದು. ನಂಗೆ ಓದಕ್ಕೆ ಬರಲ್ಲ. ಇವರೇ ಕೂತ್ಕೊಂಡು ತಿಕ್ಕೋರು. ಎರಡು ಸಲ ಸರದಿ ತಪ್ಪೋಯ್ತು. ಮಾಲಾ ಅಲ್ಲಿ ಸಿಸ್ಟರನ್ನ ಕೇಳಿದ್ರೆ, ಆಫೀಸಿನೋರು ಪೇಜು ಸರಿಯಾಗೈತೆ ಅಂದವ್ರೆ ಅಂದ್ರಂತೆ. ಮೈಯೆಲ್ಲ ನೀರು ತುಂಬ್ಕೊಂಡು ಬುಡ್ತು. ಮೂರನೇ ಸಲ ಸಿಸ್ಟರೇ ಗಾಡಿ ಕಳಿಸಿದ್ರು... ಅಷ್ಟೊತ್ತಿಗೆ ಉಸಿರು ಕಟ್ಟಿತ್ತು."

ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ನಾನೂ ಬೈದುಬುಟ್ಟೆ ಕಣಪ್ಪ. ಚಿಕ್ಕ ಮಕ್ಕಳು ಮಾಡ್ತವೆ, ಇಷ್ಟೂ ಬರಕಿಲ್ವಾ ನಿಮಗೆ ಅಂತ. ತಲೆ ತಗ್ಗಿಸ್ಕೊಂಡು ಹೂಂ ಅಂದ್ರು. ಸಾಯೋವರೆಗೂ ಮತ್ತೆ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ."

ನಿರಂಜನನಿಗೆ ಅಲ್ಲಿಂದ ಎದ್ದು ಓಡಬೇಕು ಅನ್ನಿಸಿತು. ಓಡಲಿಲ್ಲ. ಅದೊಂದು ಅವನು ಮಾಡಿದ ಸರಿಯಾದ ಕೆಲಸ.

"ಅಮ್ಮ, ಆ ಆಫೀಸಿನೋನು ನಾನೇ. ತಾತನಿಗೆ ಬರ್ತಿತ್ತು. ಪುಟಾನೇ ಹೋಗ್ತಿರಲಿಲ್ಲ. ನಾನು ನೋಡದೆ, ನೋಡಿದ್ದೀನಿ ಅಂತ ಬರೆದೆ. ನೆನ್ನೆ ರಾತ್ರಿ ಬಾವಿ ಹತ್ರ ಅವರೇ ಕೇಳಿದ್ರು... ಆಗಲೂ ಸುಳ್ಳು ಹೇಳಿದೆ."

ಬೋರಮ್ಮ ಅವನನ್ನೇ ನೋಡಿದರು. ಹೊರಗೆ ಯಾರದೋ ಕುಕ್ಕರ್ ಮೂರು ಸೀಟಿ ಹೊಡೆಯಿತು.

"ನಂಗೆ ಹೇಳಿದ್ರೆ ಏನು ಬಂತು," ಅಂದರು ಕೊನೆಗೆ. "ನಿಂಗೆ ತಾನೇ ಕಾಣಿಸ್ಕೊಂಡಿದ್ದು? ಅವರಿಗೇ ಹೇಳು, ಹೋಗು. ನಾನು ಬೈದಿದ್ದೂ ತಪ್ಪಾಯ್ತು ಅಂತ ಹೇಳು." ಫೋಟೋದ ಕೆಳಗಿದ್ದ ಫೋನು ತೆಗೆದು ಅವನ ಕೈಗೆ ಕೊಟ್ಟರು. "ಆವತ್ತಿಂದ ಚಾರ್ಜಿಗೆ ಹಾಕಿಲ್ಲ. ಇದನ್ನೂ ತಗೊಂಡೋಗು."

ಹತ್ತೂಮುಕ್ಕಾಲಿಗೆ ಬಾವಿ ಹತ್ತಿರ ಹೋದ. ಕಟ್ಟೆ ಮೇಲೆ ಯಾರೂ ಇರಲಿಲ್ಲ. ಬೆಳಕೂ ಇರಲಿಲ್ಲ. ಸದ್ದಿತ್ತು. ಜಾಲರಿಯ ಕೆಳಗಿಂದ, ಆಳದಿಂದ...

ಸೊರ್ಕ್... ಸೊರ್ಕ್...

ಅವನು ಬಗ್ಗಿ ಜಾಲರಿಗೆ ಬಾಯಿ ಹತ್ತಿರ ತಂದ.

"ತಾತ... ಅದೇ ಹೋಗ್ತಿರಲಿಲ್ಲ. ನಿಮ್ಮದೇನೂ ತಪ್ಪಿಲ್ಲ. ತಪ್ಪು ನನ್ನದು. ಅಜ್ಜಿ ಬೈದಿದ್ದು ತಪ್ಪಾಯ್ತು ಅಂದ್ರು."

ಸದ್ದು ನಿಂತಿತು.

"...ಅಂಗಾ," ಅಂತು ಕೆಳಗಿನಿಂದ. ಅಷ್ಟೇ.

ಆಮೇಲೆ ಒಂದೇ ಒಂದು ಸಲ, ಎಲ್ಲೂ ತಡೆಯದೆ, ಉದ್ದಕ್ಕೆ... ಸುಂಯ್... ಕೊನೆಗೆ, ಉಗುರು ಗಾಜಿಗೆ ತಾಕಿದ ಹಾಗೆ, ಟಕ್. ಜೇಬಿನಲ್ಲಿದ್ದ ಫೋನು ತೆಗೆದು ನೋಡಿದ. ಕಪ್ಪಗೇ ಇತ್ತು.

ಬೆಳಿಗ್ಗೆ ಏಳಕ್ಕೆ ಶಾರದ ಸಿಸ್ಟರ್ ಫೋನು. "ರೀ ನಿರಂಜನ್, ನಿಮ್ಮ ಪೇಜಲ್ಲಿ ಮತ್ತೇನೋ ತೊಂದರೆ ಆಗಿದೆ ಕಣ್ರೀ. ನಂಜಯ್ಯನವರ ಹೆಸರು ಪಟ್ಟಿಯಿಂದ ತೆಗೆಯೋದು ಮರೆತಿದ್ದೆ. ಈಗ ನೋಡಿದ್ರೆ ಅದರ ಮುಂದೆ ಖಚಿತ ಅಂತ ಬಂದಿದೆ. ರಾತ್ರಿ ಹತ್ತು ಐವತ್ತೆರಡಕ್ಕೆ. ಒಂದು ಸಲ ಸರಿಯಾಗಿ ನೋಡ್ತೀರಾ?"

ನೋಡಿದ. ಏಳೂ ಫೋನು, ನಾಲ್ಕೂ ಬ್ರೌಸರು, ಸಂಜೆವರೆಗೂ ಕೂತು ನೋಡಿದ. ಆಮೇಲೆ ಹಳೇ ದೂರಿನ ಕೆಳಗೆ ಹೆಸರು ಹಾಕಿ ಬರೆದ: 'ಹೋದ ತಿಂಗಳು ಪರೀಕ್ಷಿಸಿರಲಿಲ್ಲ. ತಪ್ಪು ನನ್ನದು. ಇಂದು ಪರೀಕ್ಷಿಸಲಾಗಿದೆ. ದೋಷವಿಲ್ಲ.' ಆ ಸಾಲು ಇಡೀ ಆಫೀಸು ಓದಿತು. ಈ ಸಲ ಅದು ನಿಜವಾಗಿತ್ತು.

ಇನ್ನೊಂದು ಹೇಳಿಬಿಡುತ್ತೀನಿ. ಖಚಿತವಾದ ಹೆಸರಿಗೆ ಅರ್ಧ ಗಂಟೆ ಕಾಯೋದು ಕೇಂದ್ರದ ನಿಯಮ. ಆ ಬೆಳಿಗ್ಗೆ, ತೀರಿಕೊಂಡವರ ಹೆಸರಾದರೂ, ನಂಜಯ್ಯನವರ ಪಾಲಿನ ನಾಲ್ಕನೇ ಬೆಡ್ಡನ್ನು ಖಾಲಿ ಇಟ್ಟಿದ್ದರು. ಆಮೇಲೆ ಬೆಡ್‌ಶೀಟು ಬದಲಾಯಿಸಿ ಇನ್ನೊಬ್ಬರನ್ನು ಮಲಗಿಸಿದರು. ಯಾರೂ ಮಲಗಿರದ ಬೆಡ್‌ಶೀಟನ್ನು ಯಾಕೆ ಬದಲಾಯಿಸಿದಿರಿ ಅಂತ ನಾನೇ ಹೋಗಿ ಶಾರದ ಸಿಸ್ಟರನ್ನು ಕೇಳಿದ್ದೀನಿ. ಕಾಲು ಇಡೋ ಕಡೆ ಒದ್ದೆಯಾಗಿತ್ತು ಅಂದರು. ಅವರು ಈಗಲೂ ಅಲ್ಲೇ ಕೆಲಸದಲ್ಲಿದ್ದಾರೆ, ಬೇಕಿದ್ದರೆ ನೀವೂ ಕೇಳಿ.