ಹತ್ತು ಸಾವಿರದ ಏಳು ಬಿಲ್ಲೆಗಳು

ಬಸ್ಸಿನ ಸರತಿಯಲ್ಲಿ ಮುಂದೆ ನಿಂತಿದ್ದ ಅಕ್ಕ-ತಮ್ಮನ ಮಾತು ಕಿವಿಗೆ ಬಿದ್ದದ್ದೇ ತಡ, ಹೊಲಿಗೆ ಅಂಗಡಿಯ ಹುಡುಗಿ ಕೈಲಿದ್ದ ಪುಸ್ತಕ ಮುಚ್ಚಿಬಿಟ್ಟಳು.

"ಅಪ್ಪ ಸುಟ್ಟಿಟ್ಟು ಹೋದ ಮಣ್ಣಿನ ಬಿಲ್ಲೆ ಹತ್ತು ಸಾವಿರದ ಏಳು. ಅಷ್ಟೂ ಗೋಡೆಗೆ ಕೂರಬೇಕು ಕಣೋ, ಒಂದೂ ಉಳೀಬಾರದು."

"ಕೂರಲ್ಲ ಅಕ್ಕ. ಸಾಲಿಗೆ ಎರಡರಿಂದ ನೂರರವರೆಗೂ ಲೆಕ್ಕ ಹಾಕ್ದೆ. ಪ್ರತಿ ಸಲವೂ ಕೊನೇ ಸಾಲು ಬೊಕ್ಕಬಾಯಿ."

"ನೂರಕ್ಕೇ ಸುಸ್ತಾದ್ಯಾ?"

"ಅದರಾಚೆ ಹೋದ್ರೆ ಸಾಲುಗಳೇ ನೂರಕ್ಕಿಂತ ಕಮ್ಮಿ. ಅದೇ ಗೋಡೇನ ಮಗ್ಗುಲು ಹೊರಳಿಸಿದ ಹಾಗೆ. ಇದು ಅವಿಭಾಜ್ಯ ಸಂಖ್ಯೆ."

"ಯಾವುದಕ್ಕೂ ಬಗ್ಗಲ್ಲ ಅನ್ನು. ಥೇಟ್ ಅಪ್ಪ!"

"ಒಂದು ತೆಗೆದ್ರೂ ಎರಡೇ ಸಾಲು, ಸಾಲಿಗೆ ಐದು ಸಾವಿರದ ಮೂರು. ಗೋಡೆಯಲ್ಲ, ಹಾವು."

"ತೆಗೆಯೋ ಮಾತೇ ಬೇಡ. ಒಂದು ಸೇರಿಸಿದ್ರೆ?"

ತಮ್ಮ ಗಾರೆ ಮೆತ್ತಿದ ಬೆರಳಲ್ಲಿ ಪೆನ್ಸಿಲ್ ಹಿಡಿದು ಚೀಟಿಯ ಮೇಲೆ ಭಾಗಿಸತೊಡಗಿದ. ಹಿಂದಿದ್ದ ಹುಡುಗಿ ಚೀಟಿಯತ್ತ ಕತ್ತು ಚಾಚಿದಳು.

"ಎಪ್ಪತ್ತೆರಡು ಸಾಲು, ಸಾಲಿಗೆ ನೂರ ಮೂವತ್ತೊಂಬತ್ತು. ಸರಿಯಾಗಿ ಕೂರುತ್ತೆ! ಆದ್ರೆ ಅಪ್ಪ ಇಲ್ವಲ್ಲ, ಇನ್ನೊಂದನ್ನ ಮಾಡೋರ್ಯಾರು?"

"ನಾನು."

"ನೀನಾ? ಅಪ್ಪ ನಿನಗೆ ಮಣ್ಣು ಮುಟ್ಟೋಕೇ ಬಿಡ್ತಿರಲಿಲ್ಲ."

"ನೋಡೋಕೆ ಬಿಡ್ತಿದ್ದರಲ್ಲ."

ಬಸ್ಸು ಬಂತು. ತಮ್ಮ ಮೆಟ್ಟಿಲೇರಿ ತಿರುಗಿ ಕೈಚಾಚಿದ. ಅಷ್ಟರಲ್ಲಿ ಅಕ್ಕ ಸರತಿ ಬಿಟ್ಟು, ರವಿಕೆಯ ತೋಳು ಮೇಲೇರಿಸಿಕೊಳ್ಳುತ್ತಾ, ಬಂದ ದಾರಿಯಲ್ಲೇ ಬಿರಬಿರನೆ ನಡೆದಾಗಿತ್ತು.